ಒಂದು ಸ್ಟಾರ್, ಐದು ಕಾಳು ಜೋಳ

ಬೆಳಗ್ಗೆ ಎದ್ದ ತಕ್ಷಣ ನೀವು ಏನು ಮಾಡುತ್ತೀರಿ? ದೇವರಿಗೆ ಕೈ ಮುಗಿಯುತ್ತೀರಿ, ಹಾಲು ಕಾಯಿಸುತ್ತೀರಿ, ಇಲ್ಲವೇ ಇನ್ನೈದು ನಿಮಿಷ ಅಂತ ಮಗ್ಗುಲು ಬದಲಿಸುತ್ತೀರಿ. ನಾನು ಗಂಡನ ಫೋನ್ ಕದಿಯುತ್ತೇನೆ.

ತಪ್ಪು ತಿಳಿಯಬೇಡಿ. ಅವರ ಮೇಲೆ ನನಗೆ ಯಾವ ಅನುಮಾನವೂ ಇಲ್ಲ. (ರಾಂಜಣಗಾಂವದ ಫ್ಯಾಕ್ಟರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಮನುಷ್ಯನಿಗೆ ಅನುಮಾನಕ್ಕೆ ಆಸ್ಪದ ಕೊಡುವಷ್ಟು ಶಕ್ತಿಯಾದರೂ ಎಲ್ಲಿ ಉಳಿದಿರುತ್ತದೆ?) ಆ ಫೋನಿನಲ್ಲಿ ನಾನು ನೋಡುವುದು ರೇಣುಕಾಳ ಸ್ಟೇಟಸ್. ನಿಮ್ಮ ಫೋನಿನಲ್ಲೇ ನೋಡಬಹುದಲ್ಲ ಅಂತೀರಾ? ನೋಡಿದರೆ, ಯಾರು ನೋಡಿದರು ಅಂತ ಅವಳಿಗೆ ಹೆಸರು ಕಾಣುತ್ತದೆ. ನಾನು ಹಾಸಿಗೆಯಿಂದ ಏಳುವ ಮೊದಲೇ ಅವಳನ್ನು ನೋಡುತ್ತೇನೆ ಅಂತ ಅವಳಿಗೆ ಗೊತ್ತಾಗಬೇಕೇ? ಜೀವ ಹೋದರೂ ಬೇಡ.

ರೇಣುಕಾ ನನ್ನ ನೆಗೆಣ್ಣಿ. ಮೈದುನನ ಹೆಂಡತಿ. ನಾವು ಪುಣೆಯ ವಾಕಡದಲ್ಲಿ ಹನ್ನೊಂದನೇ ಮಹಡಿಯಲ್ಲಿ, ಅವರು ಚಿಂಚವಾಡದ ಹಳೆಯ ಕಾಲನಿಯೊಂದರ ಎರಡು ಕೋಣೆಯ ಮನೆಯಲ್ಲಿ. ನಮ್ಮ ಅತ್ತೆ ಇರುವುದು ಅವಳ ಜೊತೆ. ನಮ್ಮಲ್ಲಿಗೂ ಒಮ್ಮೆ ಬಂದಿದ್ದರು. ಲಿಫ್ಟಿನಲ್ಲಿ ಹೊಟ್ಟೆ ತೊಳಸುತ್ತದೆ, ಕಟ್ಟೆಯ ಮೇಲೆ ಕೂತು ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ ಅಂತ ಮೂರೇ ದಿನಕ್ಕೆ ಚೀಲ ಕಟ್ಟಿಕೊಂಡು ಹೋದರು.

ಈಗ ನನ್ನ ಹೆಚ್ಚುಗಾರಿಕೆಯನ್ನೂ ಒಂಚೂರು ಕೇಳಿಬಿಡಿ. ನಾನು ಹಿಂಜವಡಿಯ ಕಂಪನಿಯೊಂದರಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಮಾಡಿದವಳು. ಗಿರಾಕಿಗಳನ್ನು ಆನ್‌ಲೈನಿನಲ್ಲಿ ಹಿಡಿಯುವುದು ಹೇಗೆ ಅಂತ ಹೊಸ ಸ್ಟಾರ್ಟಪ್ ಹುಡುಗ ಹುಡುಗಿಯರಿಗೆ ಪಾಠ ಮಾಡಿದವಳು. ಬಿಳಿ ಬೋರ್ಡಿನ ಮೇಲೆ ಫನಲ್ ಅಂತ ಒಂದು ಲಾಳಿಕೆಯ ಚಿತ್ರ ಬರೆದು, ಮೇಲಿನಿಂದ ಸಾವಿರ ಜನರನ್ನು ಸುರಿದರೆ ಕೆಳಗೆ ಹತ್ತು ಗಿರಾಕಿ ಬೀಳುತ್ತಾರೆ ಅಂತ ನಾನು ಹೇಳಿದ್ದನ್ನು ಎಷ್ಟೋ ಜನ ಬರೆದುಕೊಂಡಿದ್ದಾರೆ. ಪಾಪ.

ಊರವರಿಗೆಲ್ಲ ಹೇಳಿದ್ದನ್ನು ನಾನೇ ಯಾಕೆ ಮಾಡಬಾರದು ಅಂತ ಎರಡು ವರ್ಷದ ಹಿಂದೆ ಕೆಲಸ ಬಿಟ್ಟೆ. ಕೌದಿ ಮಾರುವ ಸ್ಟಾರ್ಟಪ್ ತೆಗೆದೆ. ಹೌದು, ನಮ್ಮ ಕೌದಿಯೇ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೈಯಲ್ಲಿ ಸಾಲುಸಾಲಾಗಿ ಹೊಲಿಗೆ ಹಾಕಿದ ಹೊದಿಕೆ. ಇಲ್ಲಿನ ಮರಾಠಿಯವರು ಅದನ್ನು ಗೋಧಡಿ ಅನ್ನುತ್ತಾರೆ. ನಾನು ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟೆ. ಹೊಸ ಹತ್ತಿ ಬಟ್ಟೆ ತರಿಸಿದೆ. ಪಿಂಪ್ರಿಯ ಹೊಲಿಗೆ ಯೂನಿಟ್ಟಿಗೆ ಕೊಟ್ಟು ಮಷೀನಿನಲ್ಲಿ ಹೊಲಿಸಿದೆ. ವೆಬ್‌ಸೈಟ್ ಆಯಿತು, ಲೋಗೊ ಆಯಿತು, ಫೋಟೋ ಶೂಟ್ ಆಯಿತು. ಜಾಹೀರಾತಿನಲ್ಲಿ 'ಅಜ್ಜಿಯ ಮಡಿಲಿನ ಬಿಸುಪು' ಅಂತ ಬರೆಸಿದೆ. ಅದಕ್ಕೆ ಬೆಳ್ಳಿ ಕೂದಲಿನ ಒಬ್ಬ ಅಜ್ಜಿ ಬೇಕಲ್ಲ? ಏಜೆನ್ಸಿಯಿಂದ ಬಾಡಿಗೆಗೆ ತಂದೆ. ಅಸಲಿ ಅಜ್ಜಿ ಎಂಟು ಕಿಲೋಮೀಟರ್ ದೂರದ ಚಿಂಚವಾಡದಲ್ಲಿ ಕೂತು ಅಸಲಿ ಕೌದಿ ಹೊಲಿಯುತ್ತಿದ್ದಾರೆ ಅನ್ನುವುದು ಆಗ ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ರೇಣುಕಾಗೆ. ಅಲ್ಲ, ಅವಳಿಗೂ ಹೊಳೆದದ್ದಲ್ಲ. ಅದೇ ನನ್ನ ಸಂಕಟ. ಪ್ಲಾನ್ ಮಾಡಿ ನನ್ನನ್ನು ಸೋಲಿಸಿದ್ದರೆ ಚಪ್ಪಾಳೆ ತಟ್ಟುತ್ತಿದ್ದೆ. (ಸುಳ್ಳು. ಆಗಲೂ ತಟ್ಟುತ್ತಿರಲಿಲ್ಲ.)

ಅವಳು ಮನೆಯಲ್ಲೇ ಸೀರೆಗೆ ಫಾಲ್ ಹಚ್ಚಿ ಕೊಡುತ್ತಿದ್ದಳು. ಪಕ್ಕದಲ್ಲಿ ಅತ್ತೆ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದರು. ಫಾಲ್ ಹಚ್ಚಿಸಲು ಬಂದ ಒಬ್ಬ ಮರಾಠಿ ಹೆಂಗಸು ಅದನ್ನು ನೋಡುತ್ತ ನಿಂತುಬಿಟ್ಟಳಂತೆ. ಮರುದಿನ, ತೀರಿಹೋದ ತನ್ನ ತಾಯಿಯ ಒಂಬತ್ತು ಗಜದ ಸೀರೆ ತಂದು, ಹುಟ್ಟಲಿರುವ ಮೊಮ್ಮಗುವಿಗೆ ಇದರದೊಂದು ಗೋಧಡಿ ಮಾಡಿಕೊಡಿ ಅಂದಳಂತೆ. ಕೌದಿ ಆಯಿತು. ಮಗು ಹುಟ್ಟಿ ಹೆಸರಿಡುವ ದಿನ ತೊಟ್ಟಿಲಿಗೆ ಹಾಸಿದರು. ಬಂದ ಮುತ್ತೈದೆಯರೆಲ್ಲ ಮಗುವಿನ ಕೆನ್ನೆ ಮುಟ್ಟಿ, ಆಮೇಲೆ ಕೌದಿ ಮುಟ್ಟಿ, ಯಾರು ಹೊಲಿದದ್ದು ಅಂತ ಕೇಳಿದರು. ಅಲ್ಲಿಗೆ ಮುಗಿಯಿತು. ಪ್ರತಿ ತೊಟ್ಟಿಲ ಶಾಸ್ತ್ರದಿಂದ ಎರಡೋ ಮೂರೋ ಹೊಸ ಗಿರಾಕಿಗಳು. ಒಬ್ಬಳು ಗಿರಾಕಿ ತಾನಾಗಿಯೇ ಕೂತು ಮ್ಯಾಪಿನಲ್ಲಿ ರೇಣುಕಾಳ ಮನೆಯನ್ನು ಅಂಗಡಿ ಅಂತ ಸೇರಿಸಿಕೊಟ್ಟಳು. ಇನ್ನೊಬ್ಬಳು ಸ್ಟೇಟಸ್ ಹಾಕುವುದು ಕಲಿಸಿದಳು.

ನಾನು ಗಿರಾಕಿಗಳಿಗೆ ರಿವ್ಯೂ ಬರೆಯಿರಿ ಅಂತ ಮೂರು ಮೆಸೇಜ್ ಕಳಿಸಿ, ಕೂಪನ್ ಕೊಡುತ್ತೇನೆ ಅಂತ ಆಸೆ ತೋರಿಸಿದರೂ ಒಬ್ಬರೂ ಉತ್ತರಿಸುವುದಿಲ್ಲ. ಒಬ್ಬ ಗಿರಾಕಿಯನ್ನು ಹಿಡಿಯಲು ಜಾಹೀರಾತಿಗೆ ಸುರಿದದ್ದು ಆ ಗಿರಾಕಿ ಕೊಂಡದ್ದಕ್ಕಿಂತ ಜಾಸ್ತಿಯಾಗುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಂತೆ ನನ್ನ ಲೋಗೊ ಮಾತ್ರ ಬಲು ಚಂದ ಇದೆ.

ಅವಳ ಸ್ಟೇಟಸ್‌ನಲ್ಲಿ ಏನಿರುತ್ತದೆ ಗೊತ್ತೇ? ಅತ್ತೆಯ ಎರಡು ಕೈ. ಸೂಜಿ. ಬಟ್ಟೆ. ಆ ಸೀರೆ ಯಾರದು, ಅವರು ಅದನ್ನು ಯಾವಾಗ ಉಡುತ್ತಿದ್ದರು ಅಂತ ಗಿರಾಕಿಯೇ ಹಿಂದಿನಿಂದ ಹೇಳುವ ಧ್ವನಿ. ಅರ್ಧ ನಿಮಿಷ. ಬೆಳಕು ಸರಿಯಿಲ್ಲ, ಹಿನ್ನೆಲೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ. ಹಾಗಿದ್ದೂ ನಾನು ಮೊನ್ನೆ ಒಂದನ್ನು ನೋಡಿ ಅತ್ತುಬಿಟ್ಟೆ. ಅತ್ತು, ಕಣ್ಣೊರೆಸಿಕೊಂಡು, ಇದರಲ್ಲಿ ಬ್ರ್ಯಾಂಡಿಂಗ್ ಇಲ್ಲವೇ ಇಲ್ಲ ಅಂದುಕೊಂಡೆ.

ಒಂದು ದಿನ ನಮ್ಮವರು ಚಹಾ ಕುಡಿಯುತ್ತ ತಣ್ಣಗೆ ಹೇಳಿದರು. ರೇಣುಕಾ ತನ್ನ ಗಂಡನ ಮುಂದೆ ಹೊಗಳುತ್ತಿದ್ದಳಂತೆ, ಭಾವಾರು ನನ್ನ ಸ್ಟೇಟಸ್ ದಿನಾ ಎಲ್ಲರಿಗಿಂತ ಮೊದಲು ನೋಡುತ್ತಾರೆ, ಎಷ್ಟು ಅಭಿಮಾನ ಅಂತ. ನಾನು ತಲೆ ತಗ್ಗಿಸಿ ಬಿಸ್ಕತ್ತು ಅದ್ದಿದೆ. ಅದು ಮುರಿದು ಚಹಾದೊಳಗೆ ಬಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ವಾರ ನಿಮಗೆ ಬೇರೇನಾದರೂ ಬರೆಯುತ್ತಿದ್ದೆ. ನಿಲ್ಲಿಸಲಿಲ್ಲ.

ಪ್ರತಿಸ್ಪರ್ಧಿಯ ಮಾಲನ್ನು ತರಿಸಿ ನೋಡಬೇಕು ಅನ್ನುವುದು ಮಾರ್ಕೆಟಿಂಗಿನ ಮೊದಲ ಪಾಠ. ಔಂಧದಲ್ಲಿರುವ ನನ್ನ ಗೆಳತಿ ಮೃಣಾಲಳಿಗೆ ಹೇಳಿ, ಅವಳ ಹೆಸರಿನಲ್ಲೇ ರೇಣುಕಾಳಿಂದ ಒಂದು ಪುಟ್ಟ ಕೌದಿ ತರಿಸಿದೆ. ಒಂದು ಮಧ್ಯಾಹ್ನ ಅದನ್ನು ಮಂಚದ ಮೇಲೆ ಹರವಿ, ಟೇಪು ಹಿಡಿದು, ಸಾಲಿನಿಂದ ಸಾಲಿಗೆ ಅಳೆದೆ. ಎಳೆದು ನೋಡಿದೆ. ಹೊಲಿಗೆ ಹಿಸಿಯಲಿಲ್ಲ. ಬಣ್ಣ ಬಿಡುತ್ತದೇನೋ ಅಂತ ಒಂದು ಮೂಲೆ ನೀರಲ್ಲಿ ಅದ್ದಿದೆ. ಬಿಡಲಿಲ್ಲ. ಒಂದೇ ಒಂದು ಕೊರತೆ ಸಿಗಬಾರದೇ? ದೇವರೇ, ಒಂದೇ ಒಂದು!

ಆಗ ನನ್ನ ಬೆರಳು ತಾನಾಗಿಯೇ ಕೊನೆಯ ಮೂಲೆಗೆ ಹೋಯಿತು.

ಇದನ್ನು ನಿಮಗೆ ಹೇಳಬೇಕು. ನಮ್ಮ ಅತ್ತೆ ಇಂಡಿ ತಾಲ್ಲೂಕಿನ ಕಡೆಯವರು. ಅವರ ಮನೆಯಲ್ಲೊಂದು ಪದ್ಧತಿ. ಕೌದಿಯ ನಾಲ್ಕನೆಯ ಮೂಲೆ ಮುಚ್ಚುವ ಮೊದಲು, ಅಡುಗೆಮನೆಯಿಂದ ಐದು ಕಾಳು ಜೋಳ ತಂದು ಒಳಗಿಟ್ಟು ಬಿಗಿಯಾಗಿ ಹೊಲಿಯುತ್ತಾರೆ. ಹೊದ್ದವರು ಹಸಿದು ಮಲಗಬಾರದು ಅಂತ. ನಾನು ಮದುವೆಯಾಗಿ ಬಂದಾಗ ಕೊಟ್ಟ ಕೌದಿಯಲ್ಲಿ ಇತ್ತು, ರೇಣುಕಾಳದರಲ್ಲಿ ಇತ್ತು, ನಮ್ಮ ಮಕ್ಕಳ ಕೌದಿಯಲ್ಲೂ ಇತ್ತು. ನಿದ್ದೆ ಬಾರದಾಗ ಆ ಮೂಲೆ ಹಿಡಿದು ಕಾಳು ಹೊರಳಿಸುವುದು ನನಗೆ ಈಗಲೂ ರೂಢಿ.

ಈ ಕೌದಿಯ ಮೂಲೆ ಒತ್ತಿದೆ. ಕಾಳಿಲ್ಲ. ನಾಲ್ಕೂ ಮೂಲೆ ಒತ್ತಿದೆ. ಇಲ್ಲ!

ಎಷ್ಟು ಖುಷಿಯಾಯಿತು ಅಂತ ಹೇಳಲು ನಾಚಿಕೆಯಾಗುತ್ತದೆ. ವರ್ಷಗಟ್ಟಲೆ ಜಾಹೀರಾತು ಹಾಕಿ ಸಿಗದ ಖುಷಿ ಅದು. ತಕ್ಷಣ ಪ್ರಾಜಕ್ತಾ ಅನ್ನುವ ಹೆಸರಿನಲ್ಲಿ ಹೊಸ ಅಕೌಂಟ್ ತೆರೆದೆ. ಒಂದು ಸೂರ್ಯಕಾಂತಿ ಹೂವಿನ ಫೋಟೋ ಹಾಕಿದೆ. ಮ್ಯಾಪಿನಲ್ಲಿ ರೇಣುಕಾಳ ಮನೆ ಹುಡುಕಿ, ಒಂದು ಸ್ಟಾರ್ ಕೊಟ್ಟು, ಶುದ್ಧ ಪುಣೇರಿ ಮರಾಠಿಯಲ್ಲಿ ಬರೆದೆ. ಹೊಲಿಗೆಯೇನೋ ಚೆನ್ನಾಗಿದೆ, ಆದರೆ ಪರಂಪರೆ ಅಂತ ಹೇಳಿಕೊಂಡು ಜನರಿಗೆ ಮೋಸ ಮಾಡಬಾರದು. ನಿಜವಾದ ಕೌದಿಯ ಕೊನೆಯ ಮೂಲೆಯಲ್ಲಿ ಐದು ಕಾಳು ಜೋಳ ಇರುತ್ತದೆ. ಇವರದರಲ್ಲಿ ಒಂದೂ ಇಲ್ಲ. ಇದು ಮನೆಯವರ ಕೈಕೆಲಸವಲ್ಲ, ಬರೀ ವ್ಯಾಪಾರ.

ಪೋಸ್ಟ್ ಒತ್ತಿ, ಎದ್ದು ಹೋಗಿ, ಏಲಕ್ಕಿ ಹಾಕಿ ಚಹಾ ಮಾಡಿಕೊಂಡು ಕುಡಿದೆ. (ಸುಳ್ಳು ರಿವ್ಯೂ ಬರೆಯುವವರನ್ನು ಕೆಲವು ತಿಂಗಳ ಹಿಂದೆ ಇದೇ ಅಂಕಣದಲ್ಲಿ ನಾನು ಬಾಯಿಗೆ ಬಂದಂತೆ ಬೈದಿದ್ದೆ. ನೆನಪಿರುವವರು ದಯವಿಟ್ಟು ಮರೆತುಬಿಡಿ.)

ಎರಡು ದಿನವಾದ ಮೇಲೆ ಉತ್ತರ ಬಂತು. ಮರಾಠಿಯಲ್ಲಿ ಬರೆದ ರಿವ್ಯೂಗೆ ರೇಣುಕಾ ಕನ್ನಡದಲ್ಲಿ ಉತ್ತರ ಬರೆದಿದ್ದಳು.

"ಅಕ್ಕಾರ, ಕಾಳು ಮನಿ ಮಂದಿ ಕೌದಿಗಷ್ಟ ಹಾಕ್ತೀವ್ರಿ. ಮನಿ ಕಾಳು ಮಾರಬಾರದು ಅಂತಾರ ಅತ್ತಿ. ನಿಮ್ಮ ಕೌದಿ ಬ್ಯಾರೇನ ಹೊಲ್ಯಾಕತ್ತೀನಿ, ಬಂದು ಒಯ್ರಿ."

ಅದನ್ನು ಮತ್ತೆ ಮೊದಲಿನಿಂದ ಓದಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅಂತಾರಲ್ಲ, ನಾನು ಹೆಗಲ ಮೇಲೆ ಕುಂಬಳಕಾಯಿ ಹೊತ್ತುಕೊಂಡೇ ಅವಳ ಬಾಗಿಲಿಗೆ ಹೋಗಿದ್ದೆ. ಆ ಐದು ಕಾಳಿನ ವಿಷಯ ಇಡೀ ಪುಣೆಯಲ್ಲಿ ಯಾರಿಗೆ ಗೊತ್ತಿದೆ? ಮೂವರಿಗೆ. ಅತ್ತೆಗೆ, ಅವಳಿಗೆ, ನನಗೆ. ಗಂಡಸರಿಗೆ, ಮಕ್ಕಳಿಗೆ ಹೊದೆಯುವುದಷ್ಟೇ ಗೊತ್ತು. ಅತ್ತೆಗೆ ಫೋನ್ ಒತ್ತಲು ಬರುವುದಿಲ್ಲ. ಉಳಿದವರು ಯಾರು? ಮಾರ್ಕೆಟಿಂಗ್ ಪಾಠ ಮಾಡುವವಳಿಗೆ ಇಷ್ಟು ಲೆಕ್ಕ ಹಾಕಲು ಬರಲಿಲ್ಲವಲ್ಲ!

ಅಷ್ಟೇ ಅಲ್ಲ. ಮಾರುವ ಕೌದಿಗೆ ಕಾಳು ಹಾಕಬಾರದು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಹದಿನೆಂಟು ವರ್ಷದಿಂದ ಸೊಸೆ ನಾನು, ಮನೆಯ ಹಿರಿ ಸೊಸೆ. ಅತ್ತೆ ಇದನ್ನು ಅವಳಿಗೆ ಹೇಳಿದ್ದಾರೆ, ನನಗೆ ಹೇಳಿಲ್ಲ. ಆ ಗಾಬರಿಯ ನಡುವೆಯೂ ನನಗೆ ಮೊದಲು ಉರಿದದ್ದು ಇದೇ. ಹೊಟ್ಟೆಕಿಚ್ಚಿಗೆ ಸಮಯ ಸಂದರ್ಭ ಅಂತ ಇರುತ್ತದೆಯೇ?

ಆಮೇಲೆ ಹೆದರಿಕೆ ಶುರುವಾಯಿತು. ಅಕೌಂಟ್ ಅಳಿಸಿಬಿಡಲೇ ಅಂತ ಹತ್ತು ಸಲ ಯೋಚಿಸಿದೆ. ಅಳಿಸಿದರೆ ನಾನೇ ಅಂತ ಒಪ್ಪಿಕೊಂಡ ಹಾಗೆ. ಬಿಟ್ಟರೆ ಅದು ಅಲ್ಲೇ ಕೂತು ಹಂಗಿಸುತ್ತದೆ. ಅವಳು ನಮ್ಮವರ ಮುಂದೆ, ಅತ್ತೆಯ ಮುಂದೆ ಹೇಳಿದರೆ? ಹೇಳಲಿ, ಬೈಸಿಕೊಳ್ಳುತ್ತೇನೆ. ನನಗೆ ನಿಜವಾಗಿ ಹೆದರಿಕೆ ಇದ್ದದ್ದು ಇನ್ನೊಂದಕ್ಕೆ. ಅವಳು ಮದುವೆಯಾಗಿ ಬಂದ ದಿನದಿಂದ ನನ್ನನ್ನು ಅಕ್ಕಾರ ಅನ್ನುತ್ತಾಳೆ. ನನಗೆ ತಂಗಿಯರಿಲ್ಲ. ಹಾಗೆ ಕರೆಯುವವಳು ಪ್ರಪಂಚದಲ್ಲಿ ಅವಳೊಬ್ಬಳೇ. ಅದು ನಿಂತುಹೋದರೆ?

ಹದಿನೈದು ದಿನ ಚಿಂಚವಾಡದ ಕಡೆ ತಲೆ ಹಾಕಲಿಲ್ಲ. ಗಂಡನ ಫೋನ್ ಮಾತ್ರ ಬಿಡಲಿಲ್ಲ. ಅಲ್ಲಿ ನಡೆದದ್ದು ನೋಡಿ. ಅವಳ ಕನ್ನಡದ ಉತ್ತರದ ಕೆಳಗೆ ಅನುವಾದ ನೋಡಿ ಅನ್ನುವ ಗುಂಡಿ ಇರುತ್ತದಲ್ಲ, ಮರಾಠಿ ಹೆಂಗಸರು ಅದನ್ನು ಒತ್ತಿ ಓದಿದ್ದಾರೆ. ಓದಿ ಕರಗಿಹೋಗಿದ್ದಾರೆ. ಒಂದು ಸ್ಟಾರ್ ಕೊಟ್ಟು ಬೈದವಳನ್ನೂ ಅಕ್ಕ ಅಂತ ಕರೆಯುತ್ತಾಳಲ್ಲ ಈ ಹೆಂಗಸು! ಮನೆಯ ಕಾಳು ಮಾರುವುದಿಲ್ಲ ಅನ್ನುತ್ತಾಳಲ್ಲ! ಯಾರೋ ಅದರ ಫೋಟೋ ತೆಗೆದು ತಮ್ಮ ಸೊಸೈಟಿಯ ಗುಂಪಿಗೆ ಹಾಕಿದರು. ಅಲ್ಲಿಂದ ಇನ್ನೊಂದು ಗುಂಪಿಗೆ ಹೋಯಿತು. ನಮ್ಮ ಕೌದಿಗೂ ಕಾಳು ಬೇಕು ಅಂತ ಎಲ್ಲರೂ ಹಟ ಹಿಡಿದರು. ರೇಣುಕಾ ಅತ್ತೆಯನ್ನು ಕೇಳಿದಳು. ಅತ್ತೆ ದಾರಿ ತೋರಿಸಿದರು: ನಮ್ಮ ಮನೆಯ ಕಾಳು ಮಾರಬಾರದು, ಅವರು ಅವರ ಮನೆಯ ಕಾಳು ತಂದರೆ ಹಾಕೋಣ.

ಈಗ ಗಿರಾಕಿಗಳು ಸೀರೆಯ ಜೊತೆ ತಮ್ಮ ತಮ್ಮ ಅಡುಗೆಮನೆಯಿಂದ ಐದು ಕಾಳು ತರುತ್ತಾರೆ. ಕೆಲವರು ಜೋಳ, ಕೆಲವರು ಗೋಧಿ. ಕೊಂಕಣದವಳೊಬ್ಬಳು ಭತ್ತ ತಂದಳಂತೆ. ಅತ್ತೆ ಅದನ್ನು ಅಂಗೈಯಲ್ಲಿಟ್ಟು ಮೂಲೆಗೆ ಹಾಕಿ ಹೊಲಿಯುವುದು ಈಗಿನ ಸ್ಟೇಟಸ್. ಅದನ್ನು ಎಷ್ಟು ಜನ ನೋಡುತ್ತಾರೆ ಅಂತ ಕೇಳಬೇಡಿ, ನಾನು ಹೇಳುವ ಸ್ಥಿತಿಯಲ್ಲಿಲ್ಲ. ಹೊಸ ಕೌದಿ ಬೇಕೆಂದರೆ ದೀಪಾವಳಿಯವರೆಗೆ ಕಾಯಬೇಕಂತೆ.

ಗಿರಾಕಿಯನ್ನೇ ಕೆಲಸದಲ್ಲಿ ಪಾಲುದಾರಳನ್ನಾಗಿ ಮಾಡಬೇಕು ಅಂತ ನಾನು ಪಾಠ ಹೇಳುತ್ತಿದ್ದೆ. ಹೇಗೆ ಅಂತ ಯಾರಾದರೂ ಕೇಳಿದರೆ ಮುಂದಿನ ಸ್ಲೈಡಿಗೆ ಹೋಗುತ್ತಿದ್ದೆ.

ಕೊನೆಗೆ ಹೋಗಲೇಬೇಕಾಯಿತು. ಅತ್ತೆಗೆ ಮಂಡಿನೋವು, ನೋಡಿಕೊಂಡು ಬರೋಣ ಅಂತ ನಮ್ಮವರು ಭಾನುವಾರ ಹೊರಡಿಸಿದರು. ದಾರಿಯುದ್ದಕ್ಕೂ ಅವಳು ಹೀಗಂದರೆ ನಾನು ಹಾಗನ್ನಬೇಕು ಅಂತ ಉತ್ತರ ಜೋಡಿಸಿಕೊಂಡೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಬಾಗಿಲಲ್ಲೇ ಅವಳು ಎಂದಿನಂತೆ ನಕ್ಕಳು. ಎಂದಿನಂತೆ ಕಾಲಿಗೆ ನೀರು ಕೊಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ರಿವ್ಯೂದ ಮಾತೇ ಇಲ್ಲ. ನಾನು ಮೂರನೇ ರೊಟ್ಟಿ ಬೇಡ ಅಂದರೂ ಹಾಕಿದಳು.

ಊಟವಾದ ಮೇಲೆ ಅತ್ತೆ ಕಿಟಕಿಯ ಬೆಳಕಿಗೆ ಕೂತು ಸೂಜಿಗೆ ದಾರ ಪೋಣಿಸಿದರು. ಪೋಣಿಸುತ್ತಲೇ, ಮಳೆ ಬಂತೇನು ಅಂತ ಕೇಳುವಷ್ಟು ಸಹಜವಾಗಿ ನನ್ನನ್ನು ಕೇಳಿದರು.

"ನಿನ್ನ ಗಿರಾಕಿಗೋಳು ಯಾರ ಅದಾರವ್ವಾ? ಅವರೂ ಕಾಳು ತರ್ತಾರೇನು?"

ನನ್ನ ಗಿರಾಕಿ ಯಾರು? ನನಗೆ ಗೊತ್ತು. ಇಪ್ಪತ್ತೈದರಿಂದ ನಲವತ್ತರ ವಯಸ್ಸು. ಹೆಂಗಸು. ದೊಡ್ಡ ಊರು. ಮನೆ ಅಲಂಕಾರದಲ್ಲಿ ಆಸಕ್ತಿ. ಬೆಳಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಫೋನ್ ನೋಡುತ್ತಾಳೆ. ಇಷ್ಟೆಲ್ಲ ಗೊತ್ತು. ಒಬ್ಬಳ ಹೆಸರು ಹೇಳು ಅಂದರೆ ಬರುವುದಿಲ್ಲ. ಎರಡು ವರ್ಷದಲ್ಲಿ ಅವರಲ್ಲಿ ಒಬ್ಬಳ ಮುಖವನ್ನೂ ನೋಡಿಲ್ಲ. ನಾನು ಅತ್ತೆಯ ದಾರದುಂಡೆ ಎತ್ತಿಕೊಂಡು ಸುತ್ತತೊಡಗಿದೆ. ನಮ್ಮವರು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು.

ಅಡುಗೆಮನೆಯಿಂದ ರೇಣುಕಾಳ ಧ್ವನಿ ಬಂತು. "ಅಕ್ಕಾರ ಗಿರಾಕಿ ಭಾಳ ದೂರದ ಊರಾಗ ಇರ್ತಾರ್ರಿ ಅತ್ತಿ. ಕಾಳು ಹಿಡ್ಕೊಂಡು ಅಲ್ಲಿಂದ ಹೆಂಗ ಬರ್ತಾರ?"

ಅತ್ತೆ ಹೌದಲ್ಲ ಅಂತ ತಲೆಯಾಡಿಸಿ ಹೊಲಿಗೆ ಮುಂದುವರಿಸಿದರು.

ನೋಡಿದಿರಾ? ಅವಳು ನನ್ನ ಮಾನ ಕಾಪಾಡಿದಳು. ಅದೂ ಪಾತ್ರೆ ತೊಳೆಯುತ್ತ, ತಿರುಗಿ ಸಹ ನೋಡದೆ. ಹಂಗಿಸಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಒಳ್ಳೆಯವರಾಗಿಬಿಟ್ಟರೆ ನಮ್ಮಂಥವರು ಏನು ಮಾಡಬೇಕು? ಅವಳ ಗಿರಾಕಿಗಳನ್ನು ನೋಡಿ ಆಗದಷ್ಟು ಸಂಕಟ ಅವಳ ಒಳ್ಳೆಯತನ ನೋಡಿ ಆಯಿತು.

ಹೊರಡುವಾಗ ನಮ್ಮವರು ಕೆಳಗೆ ಗಾಡಿ ತಿರುಗಿಸುತ್ತಿದ್ದರು. ರೇಣುಕಾ ಬಾಗಿಲಿಗೆ ಬಂದಳು. ಕೈಯಲ್ಲಿ ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಗಂಟು. ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

"ಇದನ್ನ ಪ್ರಾಜಕ್ತಾಬಾಯಿಗೆ ಕೊಡ್ರಿ," ಅಂದಳು. "ಮನಿ ಮಂದಿದು ಅದ, ಕಾಳು ಹಾಕೀನಿ ಅಂತ ಹೇಳ್ರಿ."

ಕ್ಷಮಿಸು ಅನ್ನಬೇಕಿತ್ತು. ಅಪ್ಪಿಕೊಳ್ಳಬೇಕಿತ್ತು. ನಾನು ಅಂದದ್ದು ಏನು ಗೊತ್ತೇ? "ಆಕಿಗೆ ಹೇಳ್ತೀನಿ ತಗೋ, ಬರದಿದ್ದು ಅಳಸು ಅಂತ."

"ಬ್ಯಾಡ್ರಿ ಅಕ್ಕಾರ," ಅಂದಳು ಅವಳು. "ಅದನ್ನ ಓದಿದ ಮಂದೀನ ಬರಾಕತ್ತಾರ."

ಅಕ್ಕಾರ ಅಂದಳು. ಮೆಟ್ಟಿಲು ಇಳಿಯುತ್ತ ಅದನ್ನೇ ಮನಸ್ಸಿನಲ್ಲಿ ಎರಡು ಸಲ ಕೇಳಿಕೊಂಡೆ. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಅವಳ ಮಾತಿನ ಉಳಿದರ್ಧವೂ ಹೊಳೆಯಿತು. ಇಷ್ಟು ವರ್ಷದಲ್ಲಿ ನಾನು ಬರೆದ ಜಾಹೀರಾತುಗಳಲ್ಲಿ ನಿಜವಾಗಿ ಗಿರಾಕಿಗಳನ್ನು ತಂದದ್ದು ಇದೊಂದೇ. ಅದೂ ಪುಕ್ಕಟೆ. ಅದೂ ಅವಳಿಗೆ. ಹೋಗಲಿ, ನಾನೇ ಬರೆದದ್ದು ಅಂತ ಯಾರ ಮುಂದಾದರೂ ಜಂಬ ಕೊಚ್ಚಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲ.

ಮನೆಗೆ ಬಂದು ಗಂಟು ಬಿಚ್ಚಿದೆ. ಒಳಗೊಂದು ಕೌದಿ, ನನ್ನದೇ ಹಳೆಯ ಸೀರೆಗಳಿಂದ ಹೊಲಿದದ್ದು. ಹಿಂದೆ ಯಾವತ್ತೋ ಅವನ್ನು ಹಳೆ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಹಾಕು ಅಂತ ಅವಳಿಗೆ ಕೊಟ್ಟುಬಿಟ್ಟಿದ್ದೆ. ಹಾಕಿರಲಿಲ್ಲ ಅವಳು. ಮೊದಲ ದೀಪಾವಳಿಯ ಹಸಿರು ಸೀರೆ, ಮಗಳ ತೊಟ್ಟಿಲ ದಿನ ಉಟ್ಟ ನೇರಳೆ ಸೀರೆ, ಎಲ್ಲ ಅಲ್ಲಿದ್ದವು. ಕೊನೆಯ ಮೂಲೆ ಒತ್ತಿದೆ. ಒಂದು, ಎರಡು, ಮೂರು, ನಾಲ್ಕು, ಐದು.

ಆಮೇಲೆ ಎದ್ದು ಹೋಗಿ ನನ್ನ ಬ್ರ್ಯಾಂಡಿನ ಡಬ್ಬಿಯೊಂದನ್ನು ತೆರೆದು ಅದರ ಕೌದಿಯ ಮೂಲೆಯನ್ನೂ ಒತ್ತಿ ನೋಡಿದೆ. ಲೇಬಲ್ ಸಿಕ್ಕಿತು.

ಗಂಡನ ಫೋನ್ ಈಗ ಮುಟ್ಟುವುದಿಲ್ಲ. ಬೆಳಗ್ಗೆ ಎದ್ದು ನನ್ನ ಫೋನಿನಲ್ಲೇ, ನನ್ನ ಹೆಸರಿನಲ್ಲೇ ನೋಡುತ್ತೇನೆ. ಹೊಟ್ಟೆಕಿಚ್ಚು ಹೋಯಿತೇ ಅಂತೀರಾ? ಎಲ್ಲಿಯ ಮಾತು. ಅದು ಇನ್ನೂ ಒಂದು ಕವಲೊಡೆದಿದೆ. ಕೌದಿ ಹೊದ್ದು ಮಲಗಿ ಕಾಳು ಹೊರಳಿಸುವಾಗೆಲ್ಲ ಅನ್ನಿಸುತ್ತದೆ: ಇದನ್ನು ಅವಳು ನನಗೆ ಅಂತ ಹೇಳಿ ಕೊಡಲಿಲ್ಲ, ಪ್ರಾಜಕ್ತಾಳಿಗೆ ಅಂತ ಕೊಟ್ಟಳು.

ನೀವೇ ಹೇಳಿ, ನಾನೇ ಹುಟ್ಟಿಸಿದ ಆ ಸುಳ್ಳುಬುರುಕಿ ನನಗಿಂತ ಮೊದಲು ಆ ಮನೆಯ ಮಂದಿಯಾಗಿಬಿಟ್ಟಳಲ್ಲ, ನಾನು ಯಾರಿಗೆ ಒಂದು ಸ್ಟಾರ್ ಕೊಡಲಿ?